ರೂಮ್ ಬುಕ್ ಮಾಡುವ ಮೊದಲು ಮಗುವಿನ ಎತ್ತರ ಅಳೆಯಿರಿ

ಮಾನ್ಯ ಸಂಪಾದಕರೇ,

ಮೊನ್ನೆ ಆದಿತ್ಯವಾರದ ನಿಮ್ಮ ಪುರವಣಿಯಲ್ಲಿ ಮಕ್ಕಳನ್ನು ಕರ್ಕೊಂಡು ರೈಡು, ನೀರಾಟ ಇರುವ ಪಾರ್ಕಿಗೆ ಹೋಗುವ ಬಗ್ಗೆ ಒಂದು ಪುಟ ಬಂದಿತ್ತಲ್ಲ, ಫೋಟೋ ಎಲ್ಲ ಚಂದ ಇತ್ತು, ನೀಲಿ ನೀರು, ಜಾರುಬಂಡಿ, ನಗುವ ಮಕ್ಕಳು. ಆದ್ರೆ ಅಷ್ಟು ಚಿಕ್ಕ ಮಕ್ಕಳನ್ನು ಕಟ್ಕೊಂಡು ರಾತ್ರಿ ಎಲ್ಲಿ ಉಳ್ಕೊಳ್ಳೋದು, ಅಲ್ಲಿ ಎಂತ ನೋಡ್ಬೇಕು, ಅದರ ಬಗ್ಗೆ ಒಂದು ಗೆರೆ ಇಲ್ಲ. ನಾವು ಹೋಗಿ ಪೆಟ್ಟು ತಿಂದು ಬಂದವರು, ಹಾಗಾಗಿ ಬರೀತಾ ಇದ್ದೇನೆ. ಉದ್ದ ಆದ್ರೆ ಕತ್ತರಿಸಿ, ಬೇಜಾರಿಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ರ. ಮನೆಯಲ್ಲಿ ನಾನು, ಇವರು, ಅತ್ತೆ, ಐದೂವರೆ ವರ್ಷದ ಮಗಳು, ಎರಡೂವರೆ ವರ್ಷದ ಮಗ. ಅಡಿಕೆ ಕೊಟ್ಟ ದುಡ್ಡಲ್ಲಿ ಸ್ವಲ್ಪ ಕೈಯಲ್ಲಿತ್ತು, ಮಗಳು ಒಂದು ವರ್ಷದಿಂದ ಪಾರ್ಕ್ ಪಾರ್ಕ್ ಅಂತ ಬೊಬ್ಬೆ ಹೊಡೀತಿದ್ಲು, ಕಡೆಗೆ ಗಡಿಯಾಚೆ ಒಂದು ದೊಡ್ಡ ಪಾರ್ಕಿನ ಹತ್ರದ ರೆಸಾರ್ಟ್ ಬುಕ್ ಮಾಡಿದೆವು. ಯಾವುದು ಅಂತ ಹೆಸರು ಹೇಳುವುದಿಲ್ಲ, ನನ್ನ ಉದ್ದೇಶ ಅವರನ್ನು ದೂರುವುದಲ್ಲ, ಮತ್ತೆ ಅರ್ಧ ತಪ್ಪು ನಮ್ಮದೇ, ಯಾಕೆಂದ್ರೆ ಕೇಳ್ಬೇಕಾದದ್ದನ್ನು ನಾವು ಕೇಳಿರಲೇ ಇಲ್ಲ.

ಮೊದಲನೇ ಎಡವಟ್ಟು ಆದದ್ದು ಮಕ್ಕಳ ಲೆಕ್ಕದಲ್ಲಿ. ರೈಲಿನವರಿಗೆ ಐದು ವರ್ಷದ ಒಳಗಿನ ಮಗುವಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಬರ್ತ್ ಬೇಡ ಅಂದ್ರೆ ಅರ್ಧ, ಬರ್ತ್ ಬೇಕಾದ್ರೆ ಪೂರ್ತಿ. ಹೋಟೆಲಿನವರಿಗೂ ವಯಸ್ಸೇ ಲೆಕ್ಕ, ಆದ್ರೆ ಒಬ್ಬೊಬ್ಬರದ್ದು ಒಂದೊಂದು, ಕೆಲವರು ಐದು ಅಂತಾರೆ ಕೆಲವರು ಎಂಟು ಅಂತಾರೆ. ಪಾರ್ಕಿನವರಿಗೆ ವಯಸ್ಸೇ ಬೇಡ, ಅವರದ್ದು ಸೆಂಟಿಮೀಟರ್! ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕಮ್ಮಿ ಇದ್ರೆ ಫ್ರೀ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದ್ದು. ಈಗ ಮಕ್ಕಳು ಸಾಮಾನ್ಯಕ್ಕೆ ಎರಡು ವರ್ಷಕ್ಕೆ 85 ದಾಟ್ತಾರೆ, 140 ಆಗ್ಬೇಕಾದ್ರೆ ಹತ್ತೋ ಹನ್ನೊಂದೋ ಆಗ್ಬೇಕು. ಅಂದ್ರೆ ಎಂತ ಆಯ್ತು, ನಮ್ಮ ಎರಡೂವರೆ ವರ್ಷದವನು ರೈಲಲ್ಲಿ ಫ್ರೀ, ರೂಮಲ್ಲಿ ಫ್ರೀ, ಗೇಟಲ್ಲಿ ಟಿಕೆಟ್. ದೊಡ್ಡವಳಿಗೆ ಟಿಕೆಟ್ ಕೊಟ್ರೂ ದೊಡ್ಡ ರೈಡಿನ ಹತ್ರ ಹೋದ್ರೆ ಆ ಮರದ ಅಳತೆ ಕೋಲಿನ ಕೆಳಗೆ ನಿಲ್ಲಿಸಿ ತಲೆ ಅಲ್ಲಾಡಿಸಿ ವಾಪಸ್ ಕಳಿಸ್ತಾರೆ. ಸುರಕ್ಷತೆಗೆ ಮಾಡಿದ್ದು, ಅದು ಸರಿಯೇ, ಆದ್ರೆ ಐದು ವರ್ಷದ ಮಗುವಿಗೆ ಅದನ್ನು ಯಾರು ಅರ್ಥ ಮಾಡಿಸೋದು ಮಾರಾಯ್ರೇ, ಅವಳು ಮೂರು ಕಡೆ ಅತ್ತಳು.

ಹಾಗಾಗಿ ನನ್ನ ಅಭಿಪ್ರಾಯ ಎಂತ ಅಂದ್ರೆ, ಮಕ್ಕಳು ಆರು ವರ್ಷದ ಒಳಗಿನವರಾದ್ರೆ ಪಾರ್ಕಿಗಿಂತ ರೂಮೇ ಮುಖ್ಯ. ಪಾರ್ಕಲ್ಲಿ ಅವರು ಆಡೋದು ನಾಲ್ಕೈದು ಸಣ್ಣ ರೈಡು ಮತ್ತೆ ಮಕ್ಕಳ ನೀರಿನ ಹೊಂಡ, ಉಳಿದ ಹೊತ್ತೆಲ್ಲ ಊಟ, ನಿದ್ದೆ, ಕಕ್ಕ, ಬಟ್ಟೆ ಬದಲಾಯಿಸೋದು, ಇಷ್ಟೇ. ಇದಕ್ಕೆಲ್ಲ ಬೇಕಾದ್ದು ಒಂದು ಒಳ್ಳೆ ರೂಮ್, ಅದೂ ಗೇಟಿಗೆ ನಡ್ಕೊಂಡು ಹೋಗುವಷ್ಟು ಹತ್ರ.

ಈ ಹತ್ರ ಅನ್ನೋ ಶಬ್ದದ ಬಗ್ಗೆ ಸ್ವಲ್ಪ ಹೇಳ್ಲಿಕ್ಕುಂಟು. ನಮಗೆ ಫೋನಲ್ಲಿ ಹೇಳಿದ್ದು ಪಾರ್ಕಿಗೆ ಎರಡು ನಿಮಿಷ ಅಂತ. ಹೋಗಿ ನೋಡಿದ್ರೆ ಪಾರ್ಕ್ ಹೈವೇಯ ಆಚೆ ಬದಿ, ನಡುವೆ ಡಿವೈಡರ್, ಯು ಟರ್ನ್ ಹುಡುಕ್ಕೊಂಡು ಹೋಗಿ ಬರುವಾಗ ಇಪ್ಪತ್ತು ನಿಮಿಷ, ಆಟೋದವನಿಗೆ ಇನ್ನೂರು ರೂಪಾಯಿ. ಕಾಣ್ಲಿಕ್ಕೆ ಕಾಣ್ತದೆ, ಬಾಲ್ಕನಿಯಲ್ಲಿ ನಿಂತ್ರೆ ಜೈಂಟ್ ವೀಲ್ ಕಣ್ಣೆದುರೇ ತಿರುಗ್ತದೆ, ಅದೇ ದೊಡ್ಡ ಶಿಕ್ಷೆ, ಮಗ ಬೆಳಿಗ್ಗೆ ಆರು ಗಂಟೆಗೇ ಎದ್ದು ಅದನ್ನು ನೋಡಿ ಈಗ್ಲೇ ಹೋಗುವ ಅಂತ ಸುರು ಮಾಡಿದ. ಕಿಲೋಮೀಟರ್ ಕೇಳಬೇಡಿ, ಮಗುವನ್ನು ಎತ್ಕೊಂಡು ರಸ್ತೆ ದಾಟದೆ ನಡ್ಕೊಂಡು ಹೋಗ್ಬಹುದಾ ಅಂತ ಕೇಳಿ. ಬಿಡದಿಯಲ್ಲಿ ವಂಡರ್‌ಲಾ ಪಾರ್ಕ್ 2005ರಲ್ಲಿ ಸುರುವಾದದ್ದು, ಅದರ ಪಕ್ಕದಲ್ಲೇ ಅವರದ್ದೇ ರೆಸಾರ್ಟ್ ಉಂಟು, ಹಾಗೆ ಒಂದೇ ಕಂಪೌಂಡಿನ ಲೆಕ್ಕದಲ್ಲಿರುವ ಕಡೆ ಈ ರಗಳೆ ಕಮ್ಮಿ. ರೇಟು ಜಾಸ್ತಿ ಅಂತ ನಾವು ಮೊದಲು ಮೂಗು ಮುರಿದದ್ದು, ಈಗ ಅನಿಸ್ತದೆ ಆ ಜಾಸ್ತಿ ದುಡ್ಡು ಎಂತಕ್ಕೆ ಅಂತ.

ಎಂತಕ್ಕೆ ಅಂದ್ರೆ ಮಧ್ಯಾಹ್ನದ ನಿದ್ದೆಗೆ. ಇದನ್ನು ಯಾರೂ ಬರೆಯುವುದಿಲ್ಲ ನೋಡಿ. ತುಂಬಾ ಪಾರ್ಕುಗಳಲ್ಲಿ ನೀರಿನ ಆಟ ಸುರುವಾಗೋದೇ ಮಧ್ಯಾಹ್ನದ ಹೊತ್ತಿಗೆ, ಬೆಳಿಗ್ಗೆ ಒಣ ರೈಡುಗಳು ಮಾತ್ರ, ಸಂಜೆ ಆರರ ಸುಮಾರಿಗೆ ಬಾಗಿಲು ಹಾಕ್ತಾರೆ. ನಮ್ಮ ಸಣ್ಣವನಿಗೆ ನಿದ್ದೆ ಬರೋದು ಸರಿಯಾಗಿ ಒಂದು ಗಂಟೆಗೆ. ಬೆಳಿಗ್ಗೆಯಿಂದ ನೀರು ನೀರು ಅಂತ ಕಾದವನು ನೀರು ಬಿಡುವ ಹೊತ್ತಿಗೆ ಹೆಗಲ ಮೇಲೆ ಮಲಗಿದ್ದ. ಸರಿ, ರೆಸಾರ್ಟಿಗೆ ಹೋಗಿ ಒಂದು ಗಂಟೆ ಮಲಗಿಸಿ ಬರುವ ಅಂತ ಗೇಟಿಗೆ ಬಂದ್ರೆ, ಹೊರಗೆ ಹೋದ್ರೆ ಪುನಃ ಒಳಗೆ ಬಿಡ್ಲಿಕ್ಕಿಲ್ಲ ಅಂದ್ರು. ಕಡೆಗೆ ಅತ್ತೆ ಒಂದು ಕಲ್ಲುಬೆಂಚಿನ ಮೇಲೆ ಬೈರಾಸು ಹಾಸಿ ಮಗುವನ್ನು ಮಲಗಿಸಿ ಎರಡು ಗಂಟೆ ಕಾಗದದ ತಟ್ಟೆಯಲ್ಲಿ ಗಾಳಿ ಹಾಕ್ತಾ ಕೂತ್ರು. ಅವರಿಗೂ ಟಿಕೆಟ್ ತಗೊಂಡಿದ್ದೆವು, ಒಂದು ರೈಡಿಗೂ ಹೋಗಿರಲಿಲ್ಲ. ಬುಕ್ ಮಾಡುವಾಗಲೇ ಕೇಳಿ, ರೆಸಾರ್ಟಿನಲ್ಲಿ ಉಳ್ಕೊಂಡವರಿಗೆ ಮಧ್ಯದಲ್ಲಿ ಹೊರಗೆ ಹೋಗಿ ಬರ್ಲಿಕ್ಕೆ ಬಿಡ್ತಾರಾ ಅಂತ. ಇಲ್ಲ ಅಂದ್ರೆ ಗೇಟಿನ ಹತ್ರ ಅಷ್ಟು ದುಡ್ಡು ಕೊಟ್ಟು ರೂಮ್ ಮಾಡಿ ಪ್ರಯೋಜನ ಇಲ್ಲ, ಪೇಟೆಯಲ್ಲಿ ಅರ್ಧ ರೇಟಿಗೆ ಸಿಗ್ತದೆ.

ಇನ್ನು ಚೆಕ್ ಇನ್. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರು ಕಣ್ಣೂರು ಬೆಂಗಳೂರು ರಾತ್ರಿ ರೈಲನ್ನು ಕಾಸರಗೋಡಲ್ಲಿ ಹತ್ತುವುದು, ಅದು ಬೆಳಿಗ್ಗೆ ಇಳಿಸ್ತದೆ, ರೂಮ್ ಕೊಡೋದು ಮಧ್ಯಾಹ್ನ ಎರಡಕ್ಕೆ. ನಿದ್ದೆಗೆಟ್ಟ ಎರಡು ಮಕ್ಕಳನ್ನು ಇಟ್ಕೊಂಡು ರಿಸೆಪ್ಷನ್ನಿನ ಸೋಫಾದಲ್ಲಿ ಏಳು ಗಂಟೆ ಹೊತ್ತು! ಕೆಲವರು ಉಪಾಯ ಮಾಡ್ತಾರೆ, ಬ್ಯಾಗ್ ಅಲ್ಲಿ ಬಿಟ್ಟು ನೇರ ಪಾರ್ಕಿಗೆ ಹೋಗಿ ಸಂಜೆ ರೂಮಿಗೆ ಬರುವ ಅಂತ, ದೊಡ್ಡ ಮಕ್ಕಳಾದ್ರೆ ನಡೀತದೆ, ಸಣ್ಣವರಾದ್ರೆ ಹತ್ತು ಗಂಟೆಗೇ ಕಿರಿಕಿರಿ ಸುರು. ಇನ್ನು ಕೆಲವರು ಹಿಂದಿನ ರಾತ್ರಿ ಉಳ್ಕೊಂಡು ಪಾರ್ಕಿನ ದಿನ ಬೆಳಿಗ್ಗೆ ರೂಮ್ ಬಿಡ್ತಾರೆ, ಒಂದು ರಾತ್ರಿಯ ದುಡ್ಡು ಉಳೀತದೆ ಅಂತ. ನಾವು ಮಾಡಿದ್ದು ಇದನ್ನೇ. ಸಂಜೆ ಆರಕ್ಕೆ ಚಂಡಿ ಬಟ್ಟೆ, ನಡುಗುವ ಮಕ್ಕಳು, ಸಾಲುಸಾಲು ಜನ ಇರುವ ಬಟ್ಟೆ ಬದಲಾಯಿಸುವ ರೂಮು, ಅಲ್ಲಿಂದ ನೇರ ರೈಲ್ವೆ ಸ್ಟೇಷನ್. ಮಾರನೇ ದಿನ ಇಬ್ಬರಿಗೂ ಜ್ವರ. ಒಂದೇ ರಾತ್ರಿಗೆ ದುಡ್ಡಿದ್ರೆ ಪಾರ್ಕ್ ಮುಗಿದ ರಾತ್ರಿಗೆ ಮಾಡಿ, ಬೆಚ್ಚಗೆ ಮೀಯಿಸಿ ಮಲಗಿಸ್ಬಹುದು.

ಕಾರಲ್ಲಿ ಹೋಗುವವರಾದ್ರೆ ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ ದಾರಿ. ಆ ತಿರುವುಗಳಲ್ಲಿ ಮಕ್ಕಳು ಒಂದು ಸಲವಾದ್ರೂ ವಾಂತಿ ಮಾಡ್ತಾರೆ ಅಂತ ಲೆಕ್ಕ ಹಾಕ್ಕೊಂಡೇ ಹೊರಡಬೇಕು. ಒಂದೇ ದಿನ ಬಿಡದಿಯವರೆಗೆ ಹೋಗುವ ಬದಲು ಮೈಸೂರಲ್ಲಿ ರಾತ್ರಿ ನಿಂತ್ರೆ ಒಳ್ಳೇದು. ನಿಜ ಹೇಳ್ಬೇಕಾದ್ರೆ ಸಣ್ಣ ಮಕ್ಕಳಾದ್ರೆ ಮೈಸೂರಿನಿಂದ ಆಚೆ ಹೋಗುವುದೇ ಬೇಡ, ಕೆಆರ್‌ಎಸ್ ರಸ್ತೆಯಲ್ಲಿ ಜಿಆರ್‌ಎಸ್ ಪಾರ್ಕ್ ಉಂಟು, ಝೂ ಉಂಟು, ನಮ್ಮವಳಿಗೆ ಈಗ ಕೇಳಿದ್ರೂ ರೈಡಿಗಿಂತ ಜಿರಾಫೆಯೇ ನೆನಪು. ಕೊಚ್ಚಿಯ ವಂಡರ್‌ಲಾಕ್ಕೆ ಹೋಗುವವರಿಗೆ ಅದು ಇರುವುದು ಪಳ್ಳಿಕ್ಕರ ಅಂತ ಹೇಳಿದ್ರೆ ನಮ್ಮ ಬೇಕಲದ ಪಳ್ಳಿಕ್ಕರೆ ಅಲ್ಲ, ಎರ್ನಾಕುಲಂ ಸಿಟಿಯಿಂದ ಹೊರಗೆ ಗುಡ್ಡದ ಮೇಲೆ, ಮೊದಲು ವೀಗಾಲ್ಯಾಂಡ್ ಅಂತಿದ್ದದ್ದು, ಸಿಟಿ ಮಧ್ಯದಲ್ಲಿ ರೂಮ್ ಮಾಡಿದ್ರೆ ಬೆಳಿಗ್ಗೆಯ ಟ್ರಾಫಿಕ್ಕಿನಲ್ಲೇ ಅರ್ಧ ಉತ್ಸಾಹ ಹೋಗ್ತದೆ. ರೂಮೇ ಬೇಡ ಅನ್ನುವವರಿಗೆ ಕಣ್ಣೂರು ಹತ್ರ ಪರಶ್ಶಿನಿಕಡವಿನ ವಿಸ್ಮಯ ಪಾರ್ಕ್ ಉಂಟು, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬಂದು ಗಂಜಿ ಉಣ್ಣಬಹುದು.

ರೂಮಿನ ಒಳಗಿನ ವಿಷಯಕ್ಕೆ ಬರ್ತೇನೆ. ಮಕ್ಕಳಿಗೆ ಫ್ರೀ ಅಂತ ಬರೆದದ್ದು ಹೆಚ್ಚಾಗಿ ಬೆಡ್ ಇಲ್ಲದೆ ಅಂತ ಅರ್ಥ, ಬೆಳಗ್ಗಿನ ತಿಂಡಿಗೆ ಬೇರೆ ಬಿಲ್ ಹಾಕುವವರೂ ಉಂಟು. ಎಕ್ಸ್‌ಟ್ರಾ ಬೆಡ್ ಅಂದ್ರೆ ಮಂಚ ಅಂತ ತಿಳ್ಕೊಳ್ಳಬೇಡಿ, ಒಂದು ಹಾಸಿಗೆ ತಂದು ನೆಲದಲ್ಲಿ ಹಾಕಿ ಹೋಗ್ತಾರೆ. ಬೈಯ್ಯುವುದಲ್ಲ, ನನಗೆ ಅದೇ ಖುಷಿ ಆಯ್ತು, ಹೋಟೆಲ್ ಮಂಚ ಎತ್ತರ, ಎರಡು ಬದಿಯೂ ಖಾಲಿ, ನಮ್ಮವನು ಉರುಳುವ ಜಾತಿ, ಅವನನ್ನು ನೆಲದಲ್ಲೇ ಮಲಗಿಸಿದೆ. ಕನೆಕ್ಟಿಂಗ್ ರೂಮ್ ಅಂದ್ರೆ ನಡುವೆ ಬಾಗಿಲು ಇರಬೇಕು. ನಮಗೆ ಅದೇ ಅಂತ ಹೇಳಿ ಕೊಟ್ಟದ್ದು ಒಂದು ರೂಮ್ ಮೊದಲ ಮಾಳಿಗೆಯಲ್ಲಿ ಇನ್ನೊಂದು ಮೂರನೇದ್ರಲ್ಲಿ! ಅತ್ತೆ ಹೊಸ ಜಾಗದಲ್ಲಿ ಒಬ್ಬರೇ ಮಲಗ್ಲಿಕ್ಕೆ ಹೆದರಿ ರಾತ್ರಿ ಹನ್ನೊಂದಕ್ಕೆ ಕಂಬಳಿ ಹಿಡ್ಕೊಂಡು ನಮ್ಮ ರೂಮಿಗೆ ಬಂದ್ರು, ಲಿಫ್ಟ್ ಬಟನ್ ಒತ್ತಲಿಕ್ಕೆ ಗೊತ್ತಾಗದೆ ಮೆಟ್ಟಿಲು ಇಳಿದೇ ಬಂದದ್ದು. ಆ ರೂಮಿನ ದುಡ್ಡು ನೀರಲ್ಲಿ ಹೋಮ.

ದುಡ್ಡಿನ ವಿಷಯ ಬಂದದ್ದಕ್ಕೆ ಒಂದು ಲೆಕ್ಕ, ಇದು ನಮ್ಮ ಇವರು ಕಂಡುಹಿಡಿದದ್ದು, ಬ್ಯಾಂಕಿನಲ್ಲಿರುವವರಿಗೆ ಇಂಥದ್ದೇ ಕಾಣೋದು. 2025 ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5, ಮೊದಲು 12 ಇತ್ತು. 7500 ದಾಟಿದ್ರೆ 18. ಈಗ ಎಂಟು ಸಾವಿರದ ಒಂದು ಫ್ಯಾಮಿಲಿ ಸೂಟ್ ತಗೊಂಡ್ರೆ ತೆರಿಗೆ ಸೇರಿ 9440 ಆಗ್ತದೆ, ನಾಲ್ಕು ನಾಲ್ಕು ಸಾವಿರದ ಎರಡು ರೂಮ್ ತಗೊಂಡ್ರೆ 8400. ಸಾವಿರದ ನಲ್ವತ್ತು ರೂಪಾಯಿ ಫರಕ್, ಮೇಲಿಂದ ಎರಡು ಬಾತ್‌ರೂಮ್ ಸಿಗ್ತದೆ, ಐದು ಜನಕ್ಕೆ ಬೆಳಿಗ್ಗೆ ಅದರ ಬೆಲೆ ಗೊತ್ತಾಗ್ತದೆ. ಆ ನಡುವಿನ ಬಾಗಿಲು ಮಾತ್ರ ಇರ್ಲೇಬೇಕು.

ಮಕ್ಕಳ ಊಟಕ್ಕೆ ರೂಮಲ್ಲಿ ಬಿಸಿನೀರಿನ ಕೆಟಲ್ ಉಂಟಾ ಕೇಳಿ. ಪಾರ್ಕಿನ ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ, ನಮ್ಮವನಿಗೆ ಕುಚ್ಚಿಲಕ್ಕಿ ಗಂಜಿ ಬಿಟ್ರೆ ಬೇರೆ ಇಳಿಯುವುದಿಲ್ಲ, ಎರಡು ದಿನ ಬಿಸ್ಕೆಟಿನಲ್ಲೇ ಕಳೆದ. ನೀರಿಗಿಳಿಯಲಿಕ್ಕೆ ಹತ್ತಿ ಬಟ್ಟೆ ಆಗುವುದಿಲ್ಲ, ನೈಲಾನಿನದ್ದೇ ಆಗ್ಬೇಕು, ಅಲ್ಲಿ ಹೋಗಿ ತಗೊಂಡ್ರೆ ದುಬಾರಿ, ಕಾಸರಗೋಡು ಪೇಟೆಯಲ್ಲೇ ತಗೊಂಡು ಹೋಗಿ.

ನಮ್ಮ ಭಾವನವರು ಶಾರ್ಜಾದಲ್ಲಿರೋದು, ಅವರು ದುಬೈಯ ಲೆಗೋಲ್ಯಾಂಡ್ ಹೋಟೆಲಿಗೆ ಹೋಗಿದ್ರಂತೆ, ಅಲ್ಲಿ ರೂಮಿನಲ್ಲೇ ಮಕ್ಕಳಿಗೆ ಬೇರೆ ಮೂಲೆ, ಒಂದರ ಮೇಲೊಂದು ಸಣ್ಣ ಮಂಚ, ಪಾರ್ಕ್ ಕೂಡ ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನೇ ಲೆಕ್ಕಕ್ಕೆ ಹಿಡಿದು ಮಾಡಿದ್ದು. ನಮ್ಮಲ್ಲಿ ಅಷ್ಟೆಲ್ಲ ಬೇಡ, ಕಾಲು ಕೆಳಗೆ ಜಾರದ ಬಾತ್‌ರೂಮ್ ನೆಲ ಮತ್ತು ಮಗುವಿನ ತಲೆ ತೂರದ ಬಾಲ್ಕನಿ ಕಂಬಿ ಇದ್ರೆ ಸಾಕು.

ನಮಗೆ ಗಡಿನಾಡಿನವರಿಗೆ ಒಂದು ಲಾಭ ಉಂಟು, ಬೇರೆ ಎಂತ ಲಾಭ ಇಲ್ಲದಿದ್ರೂ. ನಮ್ಮ ಮಕ್ಕಳಿಗೆ ರಜೆ ಕೇರಳದ ಲೆಕ್ಕದಲ್ಲಿ, ಓಣಂಗೆ ಹತ್ತು ದಿನ ಸಿಗ್ತದೆ. ಆಗ ಕೊಚ್ಚಿ ಕಡೆ ಕಾಲಿಡ್ಲಿಕ್ಕೆ ಜಾಗ ಇರುವುದಿಲ್ಲ, ಆದ್ರೆ ಮೈಸೂರು ಬಿಡದಿಯಲ್ಲಿ ಶಾಲೆ ನಡೀತಾ ಇರ್ತದೆ, ವಾರದ ನಡುವೆ ಹೋದ್ರೆ ಕ್ಯೂ ಇಲ್ಲ, ರೂಮ್ ರೇಟ್ ಕಮ್ಮಿ ಮಾಡಿ ಕೊಡ್ತಾರೆ. ದಸರಾಕ್ಕೆ ಕರ್ನಾಟಕದವರಿಗೆ ಉದ್ದ ರಜೆ, ಆಗ ಆ ಕಡೆ ಹೋಗಲೇಬಾರದು. ಪುತ್ತೂರಿನ ತಂಗಿ ಮಕ್ಕಳೊಟ್ಟಿಗೆ ಹೋಗ್ಬೇಕು ಅಂದ್ರೆ ಮಾತ್ರ ಇದು ತಲೆನೋವು, ಏಪ್ರಿಲ್ ಮೇ ಬಿಟ್ರೆ ಎರಡು ಕಡೆಯ ರಜೆ ಕೂಡಿ ಬರುವುದೇ ಕಷ್ಟ, ಆಗ ಬಿಸಿಲು, ಜನ, ರೇಟು ಮೂರೂ ಮೇಲೆ.

ಸಂಪಾದಕರೇ, ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಇಂಥ ಪುಟ ಮಾಡುವಾಗ ಫೋಟೋ ಒಂದು ಕಮ್ಮಿ ಹಾಕಿ, ಆ ಜಾಗದಲ್ಲಿ ಯಾವ ಪಾರ್ಕಲ್ಲಿ ಎಷ್ಟು ಸೆಂಟಿಮೀಟರ್, ಪಕ್ಕದ ರೆಸಾರ್ಟಲ್ಲಿ ಮಕ್ಕಳು ಅಂದ್ರೆ ಎಷ್ಟು ವಯಸ್ಸು, ಮಧ್ಯಾಹ್ನ ಹೊರಗೆ ಬಿಡ್ತಾರಾ ಇಲ್ವಾ, ಇದನ್ನು ನಿಮ್ಮ ವರದಿಗಾರರೇ ಫೋನ್ ಮಾಡಿ ಕೇಳಿ ಹಾಕ್ಲಿ. ನಾವು ಕೇಳಿದ್ರೆ ಒಂದು ಹೇಳ್ತಾರೆ, ಪೇಪರಿನವರು ಕೇಳಿದ್ರೆ ಸರಿ ಹೇಳ್ತಾರೆ. ರೆಸಾರ್ಟಿನವರಿಗೂ ಒಂದು ಮಾತು, ಬುಕಿಂಗಿನ ನಿಯಮವನ್ನೆಲ್ಲ ಸಣ್ಣಕ್ಷರದ ಇಂಗ್ಲಿಷಲ್ಲಿ ಮಾತ್ರ ಹಾಕ್ತೀರಿ, ಕನ್ನಡದಲ್ಲಿ ಹಾಕಿದ್ರೆ ನಮ್ಮ ಅತ್ತೆಯೇ ಓದಿ, ಮಗು ಎಲ್ಲಿ ಮಲಗುವುದು ಅಂತ ಮೊದಲೇ ಕೇಳ್ತಿದ್ರು, ಅವರಿಗಿದ್ದ ಬುದ್ಧಿ ನಮಗಿಬ್ಬರಿಗೂ ಆಗ ಇರ್ಲಿಲ್ಲ.

ಈ ಓಣಂಗೆ ಪುನಃ ಹೊರಟಿದ್ದೇವೆ, ಮೈಸೂರಿಗೆ, ಎರಡು ರಾತ್ರಿ. ಮೊನ್ನೆ ಫೋನಲ್ಲಿ ನಡುವಿನ ಬಾಗಿಲು ಉಂಟಾ ಅಂತ ನಾಲ್ಕು ಸಲ ಕೇಳಿದ್ದಕ್ಕೆ ಆಚೆಯವನು ಆ ಬಾಗಿಲಿನ ಫೋಟೋ ತೆಗೆದು ವಾಟ್ಸಾಪ್ ಮಾಡಿದ.

ಇತಿ,
ಓದುಗಳೊಬ್ಬಳು, ಮುಳ್ಳೇರಿಯ