ಮಗಳಿಗೊಂದು ಪತ್ರ: ಮನ್ರೋ ಸಾಹೇಬರ ಸರಪಳಿ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಬಳ್ಳಾರಿ ಸೀಮೆಯ ಪಹಣಿ ನೋಡುತ್ತಾ ಕೂತಿದ್ದೀಯ, ಎಕರೆಗೆ 40 ಗುಂಟೆಯೇ ಯಾಕೆ, 100 ಯಾಕಲ್ಲ ಅಂತ ಕೇಳಿದ್ದೆ. ಅಳೆಯುವ ಸರಪಳಿ 33 ಅಡಿ ಉದ್ದದ್ದು, ಅದಕ್ಕೇ. ಉದ್ದ 33, ಅಗಲ 33 ಅಡಿಯ ತುಂಡು ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಕೂಡಿದರೆ 43,560 ಚದರಡಿ, ಸರಿಯಾಗಿ ಒಂದು ಎಕರೆ. ಹಾಗಾಗಿ 2.35 ಅಂದರೆ ಎರಡು ಎಕರೆ ಮೂವತ್ತೈದು ಗುಂಟೆ. ಅದಕ್ಕೆ 1.15 ಸೇರಿಸುವಾಗ ಕ್ಯಾಲ್ಕುಲೇಟರ್ ಒತ್ತಿ 3.50 ಅಂತ ಬರೆದುಬಿಡಬೇಡ. 35 ಮತ್ತು 15 ಸೇರಿ 50 ಗುಂಟೆ. ಅದರಲ್ಲಿ 40 ತೆಗೆದು ಎಕರೆಗೆ ಹಾಕು, ಉಳಿದದ್ದು 10. ಉತ್ತರ 4.10. ಪಾಲುಪಟ್ಟಿಯಲ್ಲಿ ಇದೊಂದು ತಪ್ಪಿದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ.

ಈ ಸರಪಳಿಯನ್ನು ನಿನ್ನ ಸೀಮೆಯ ಹೊಲಗಳಲ್ಲಿ ಎಳೆಸಿದವರು ಥಾಮಸ್ ಮನ್ರೋ. ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಪ್ಪ ವರ್ಜೀನಿಯಾ ಜೊತೆ ವ್ಯಾಪಾರ ಮಾಡುತ್ತಿದ್ದವರು, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ದಿವಾಳಿಯಾದರು. ಮಗ 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದರು. ಕಂದಾಯದ ಕೆಲಸ ಕಲಿತದ್ದು 1792ರ ನಂತರ, ಈಗಿನ ತಮಿಳುನಾಡಿನ ಸೇಲಂ ಕಡೆಯ ಬಾರಾಮಹಲಿನಲ್ಲಿ. ಆಮೇಲೆ ಕೆನರಾ. 1800ರಲ್ಲಿ ನಿಜಾಮರು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಅಲ್ಲಿಗೆ ಪ್ರಧಾನ ಕಲೆಕ್ಟರ್.

1802ರಲ್ಲಿ ಅಳತೆ ಶುರುವಾದಾಗ ಭೂಮಿ ಅಳೆಯಲು ಬರುತ್ತಿದ್ದವರು ಕಚೇರಿಯ ನಾಲ್ಕೇ ಗುಮಾಸ್ತರು. ಅವರಿಂದ ಸ್ಥಳೀಯರಿಗೆ ಕಲಿಸಿ, ಕಲಿತವರಿಂದ ಇನ್ನಷ್ಟು ಜನರಿಗೆ ಕಲಿಸಿ, ನೂರು ಮಂದಿಯನ್ನು ತಯಾರು ಮಾಡಿದರು. ಹೊಲ ಮಾತ್ರವಲ್ಲ, ದಾರಿ, ಕೆರೆಯಂಗಳ, ಊರ ನಿವೇಶನ ಎಲ್ಲವನ್ನೂ ಅಳೆದರು. ಅಳತೆಯ ಹಿಂದೆಯೇ ದರ ಹಾಕುವವರು ಬಂದು ಶಾನುಭೋಗ, ರೆಡ್ಡಿ (ಊರ ಗೌಡ), ರೈತರನ್ನು ಹೊಲಕ್ಕೇ ಕರೆದುಕೊಂಡು ಹೋಗಿ ಮಣ್ಣು ನೋಡಿ ತರಗತಿ ಮಾಡುತ್ತಿದ್ದರು. ಮಧ್ಯೆ ಜಮೀನ್ದಾರನಿಲ್ಲ, ರೈತನ ಹೆಸರಿಗೇ ಪಟ್ಟಾ. ರೈತವಾರಿ ಅನ್ನುವುದು ಇದನ್ನೇ.

ಎಡವಟ್ಟಾದದ್ದು ದರದಲ್ಲಿ. ಹಿಂದಿನ ದೊರೆಗಳ ವಸೂಲಿ ಲೆಕ್ಕ ನೋಡಿ ಒಟ್ಟು ಮೊತ್ತವನ್ನು ಮೇಲೆಯೇ ಅಂದಾಜು ಮಾಡಿ, ಅದನ್ನು ಹಳ್ಳಿಗಳಿಗೂ ಹೊಲಗಳಿಗೂ ಹಂಚಿದ್ದರು. ಅಳತೆ ಎಷ್ಟೇ ಕರಾರುವಾಕ್ಕಾಗಿದ್ದರೂ ಅದು ಹೊರೆಯನ್ನು ಹಂಚಬಲ್ಲದೇ ಹೊರತು ಇಳಿಸಲಾರದು. ನೂರು ಸೇರು ಜೋಳ ಬೆಳೆದರೆ ಸುಮಾರು 45 ಸೇರಿನ ಬೆಲೆ ಸರ್ಕಾರಕ್ಕೆ. ಬೀಜ, ಎತ್ತು, ಕೂಲಿ ಎಲ್ಲ ಉಳಿದ 55ರಲ್ಲೇ.

ಇದನ್ನು ಮನ್ರೋ ಅವರೇ ಕಂಡುಕೊಂಡು, 1807ರ ಆಗಸ್ಟಿನಲ್ಲಿ, ರಜೆಯ ಮೇಲೆ ಊರಿಗೆ ಹೊರಡುವ ಮುನ್ನ, ತಾವೇ ಹಾಕಿದ ದರದಲ್ಲಿ ನೂರಕ್ಕೆ 25 ಇಳಿಸಿ ಅಂತ ಬರೆದರು. ಲೆಕ್ಕ ಹಾಕಿ ನೋಡು: 45ರಲ್ಲಿ ಕಾಲುಭಾಗ ಕಳೆದರೆ 33¾, ಹೆಚ್ಚುಕಮ್ಮಿ ಬೆಳೆಯ ಮೂರನೇ ಒಂದು ಪಾಲು. ಸರ್ಕಾರ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ ಭೂಮಿಗೆ ಕ್ರಯದ ಬೆಲೆಯೇ ಬರುವುದಿಲ್ಲ ಅನ್ನುವುದು ಅವರ ವಾದ. ಬಾವಿಯಿಂದ, ಹಳ್ಳದಿಂದ ನೀರೆತ್ತಿ ಬೆಳೆಯುವ ಜಮೀನಿಗೆ ಇನ್ನೂ 8, ಒಟ್ಟು 33 ಕಡಿತ ಕೇಳಿದರು. ಬಾವಿಯ ರಿಪೇರಿ ಮಾತ್ರ ರೈತನದು. ಕಪಿಲೆ ಹೊಡೆಯುವವನ, ಅಂದರೆ ಎತ್ತು ಕಟ್ಟಿ ಬಾವಿಯ ನೀರೆತ್ತುವವನ ಖರ್ಚು ತಿಳಿದವರು ಬರೆದ ಮಾತು ಅದು. ನನಗೆ ಅವರ ಮೇಲೆ ಗೌರವ ಇರುವುದು ಸರಪಳಿಗಿಂತ ಈ ಕಾಗದಕ್ಕಾಗಿ.

ಮೇಲಿನವರು ಆಗ ಒಪ್ಪಲಿಲ್ಲ. ರೈತವಾರಿಯನ್ನೇ ಬಿಟ್ಟು ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಅದೂ ಕೆಟ್ಟಿತು. 1820ರಲ್ಲಿ ಮನ್ರೋ ಮದರಾಸಿನ ಗವರ್ನರಾಗಿ ಬಂದ ಮೇಲೆಯೇ ಕಡಿತ ಜಾರಿಯಾದದ್ದು. 1827ರ ಜುಲೈ 6ರಂದು, ಇದೇ ಸೀಮೆಗೆ ಕೊನೆಯ ಭೇಟಿಗೆ ಬಂದವರು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟ ಸೀಮೆ ಅದು.

ಪಹಣಿಯಲ್ಲಿ ಸಾಗುವಳಿಗೆ ಬಾರದ ಭೂಮಿ ತೋರಿಸುವ ಖರಾಬು ಕಾಲಂ ಬಗ್ಗೆ ಕೇಳಿದ್ದೆಯಲ್ಲ, ಅದನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಅಷ್ಟರೊಳಗೆ ಒಂದು ಸರ್ವೆ ನಂಬರಿನ ಆಕಾರಬಂದ್ (ವಿಸ್ತೀರ್ಣ, ಕಂದಾಯ ನಮೂದಿಸಿದ ಸರ್ವೆ ದಾಖಲೆ) ಪ್ರತಿ ತೆಗೆಸಿಟ್ಟುಕೊ.

ನಿನ್ನ ಅಪ್ಪ