ಕಾಂಪೋಸಿಟ್ ಅಳತೆಯ ಪಕ್ಕದಲ್ಲಿ ತಾಪ, ತೇವಾಂಶವೂ ಇರಲಿ

ಮಾನ್ಯ ಸಂಪಾದಕರೇ,

ಕಾರ್ಬನ್ ಅಥವಾ ಗಾಜಿನ ಎಳೆಗಳನ್ನು ಪ್ಲಾಸ್ಟಿಕ್ ರೆಸಿನ್‌ನಲ್ಲಿ ಕೂಡಿಸಿ ಮಾಡಿದ ಕಾಂಪೋಸಿಟ್‌ಗಳು ಬಿಸಿಲಿಗೆ ಹಿಗ್ಗುವುದಿಲ್ಲ, ನೀರಿಗೆ ಉಬ್ಬುವುದಿಲ್ಲ ಎಂದು ಜಾಹೀರಾತುಗಳು ಹೇಳುತ್ತಲೇ ಇರುತ್ತವೆ. ಇದನ್ನು ಹಾಗೇ ನಂಬಿ ವಿನ್ಯಾಸ ಮಾಡುವುದು ಅಪಾಯ.

ಕಾರ್ಬನ್ ಎಳೆ ಬಿಸಿಯಾದಾಗ ಉದ್ದದಲ್ಲಿ ತುಸು ಕುಗ್ಗುತ್ತದೆ. ಎಳೆಗಳನ್ನು ಹಿಡಿದಿಟ್ಟಿರುವ ಎಪಾಕ್ಸಿ ರೆಸಿನ್ ಮಾತ್ರ ಅಲ್ಯೂಮಿನಿಯಂನ ಎರಡು ಪಟ್ಟಿನಷ್ಟು ಹಿಗ್ಗುತ್ತದೆ. ಹಾಗಾಗಿ ಎಳೆಯ ದಿಕ್ಕಿನಲ್ಲಿ ಅಲುಗದ ಹಾಳೆ ಅಡ್ಡಕ್ಕೂ ದಪ್ಪಕ್ಕೂ ಬೆಳೆಯುತ್ತದೆ. 3 ಮೀಟರ್ ಉದ್ದದ ಅಲ್ಯೂಮಿನಿಯಂ ಚೌಕಟ್ಟು 30 ಡಿಗ್ರಿ ಸೆಲ್ಸಿಯಸ್ ತಾಪ ಏರಿದರೆ ಸುಮಾರು 2 ಮಿ.ಮೀ. ಹಿಗ್ಗುತ್ತದೆ, ಅದಕ್ಕೆ ಜೋಡಿಸಿದ, ಎಳೆಗಳೆಲ್ಲ ಉದ್ದಕ್ಕಿರುವ ಕಾರ್ಬನ್ ಪಟ್ಟಿ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಎರಡೂ ತುದಿಗಳಲ್ಲಿ ಬೋಲ್ಟ್ ಬಿಗಿದರೆ ತೂತಿನ ಅಂಚು ಜಜ್ಜುತ್ತದೆ. ಒಂದು ತುದಿಯನ್ನು ಬಿಗಿದು ಇನ್ನೊಂದಕ್ಕೆ ಉದ್ದನೆಯ ತೂತು ಕೊಡಬೇಕು.

ತಾಪದ ಪರಿಣಾಮ ನಿಮಿಷಗಳಲ್ಲಿ ಕಾಣುತ್ತದೆ, ತೇವಾಂಶದ್ದು ವಾರ, ತಿಂಗಳುಗಳ ಲೆಕ್ಕ. ಮೋಸ ಹೋಗುವುದು ಇಲ್ಲೇ. ರೆಸಿನ್ ಗಾಳಿಯ ತೇವವನ್ನು ನಿಧಾನವಾಗಿ ಹೀರಿ ಉಬ್ಬುತ್ತದೆ. ದಪ್ಪ ಎರಡು ಪಟ್ಟಾದರೆ ತೇವ ಒಳತಲುಪಲು ನಾಲ್ಕು ಪಟ್ಟು ಕಾಲ ಬೇಕು. ಆದ್ದರಿಂದ ಎರಡು ದಿನ ನೀರಲ್ಲಿಟ್ಟು ‘ಏನೂ ಆಗಲಿಲ್ಲ’ ಎಂದರೆ ದಪ್ಪ ತುಂಡಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಅದೇ ಹಾಳೆಯಿಂದ, ಅದೇ ದಪ್ಪದ ತುಂಡು ಕತ್ತರಿಸಿ ಭಾಗದ ಜೊತೆಯಲ್ಲೇ ಇಟ್ಟು ಆಗಾಗ ತೂಗಿ. ತೂಕ ಏರುವುದು ನಿಂತ ಮೇಲಷ್ಟೇ ಉಬ್ಬಿನ ಅಳತೆ ನಂಬಲರ್ಹ. ಅಂಚಿಗೆ ಬಣ್ಣ ಬಳಿದರೆ ತೇವ ತಡವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ನೈಲಾನ್ ಆಧಾರದ ಕಾಂಪೋಸಿಟ್ ಎಪಾಕ್ಸಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಪೀಕ್ (PEEK) ಎಂಬ ಪ್ಲಾಸ್ಟಿಕ್ ಆಧಾರದ್ದು ಬಹಳ ಕಡಿಮೆ.

ಹಾಳೆಯಲ್ಲಿ ಒಂದರ ಮೇಲೊಂದಿರುವ ಎಳೆ ಪದರಗಳ ಜೋಡಣೆ ದಪ್ಪದ ನಡುಮಧ್ಯದ ಎರಡೂ ಬದಿಗೆ ಕನ್ನಡಿಯಂತೆ ಸಮವಾಗಿರದಿದ್ದರೆ, ಅಚ್ಚಿನಿಂದ ತೆಗೆದು ತಣಿಯುವಾಗಲೇ ಹಾಳೆ ಡೊಂಕಾಗುತ್ತದೆ. ಜೋಡಣೆ ಸರಿಯಿದ್ದರೂ 90 ಡಿಗ್ರಿ ಮೂಲೆ ಒಂದೆರಡು ಡಿಗ್ರಿ ಒಳಗೆ ಮಡಚಿಕೊಳ್ಳುವುದುಂಟು. ಅಚ್ಚಿನ ಮೂಲೆಯನ್ನೇ ಮೊದಲು ಅಷ್ಟು ಡಿಗ್ರಿ ಅಗಲಿಸಿಡಬೇಕು.

ನಕ್ಷೆಯ ಅಳತೆಗಳಿಗೆ ಅಂತರರಾಷ್ಟ್ರೀಯ ಆಧಾರ ತಾಪ 20 ಡಿಗ್ರಿ; ಪ್ಲಾಸ್ಟಿಕ್ ಮಾದರಿಗಳನ್ನು ಸಾಮಾನ್ಯವಾಗಿ ಹದಗೊಳಿಸುವುದು 23 ಡಿಗ್ರಿ ಮತ್ತು ಶೇ 50 ಆರ್ದ್ರತೆಯಲ್ಲಿ. ಈ ಎರಡನ್ನೂ ಬೆರೆಸಿ, ಯಾವುದನ್ನೂ ನಮೂದಿಸದ ತಪಾಸಣಾ ವರದಿಗಳು ಬಹಳ. ತಯಾರಕರು ಪ್ರತಿ ವರದಿಯಲ್ಲೂ ಅಳೆದಾಗಿನ ತಾಪ, ಆರ್ದ್ರತೆ, ಭಾಗವನ್ನು ಎಷ್ಟು ಹೊತ್ತು ಆ ಕೋಣೆಯಲ್ಲಿ ಇಡಲಾಗಿತ್ತು ಎಂಬ ಮೂರು ಸಾಲು ಸೇರಿಸಲಿ. ಆ ಸಾಲುಗಳಿಲ್ಲದ ವರದಿಯನ್ನು ಖರೀದಿದಾರರು ಹಿಂದಿರುಗಿಸಲಿ.

— ಕಾಂಪೋಸಿಟ್ ತಯಾರಿಕಾ ಎಂಜಿನಿಯರ್‌ಗಳು