ಮೊದಲು ಕೂಗು, ಆಮೇಲೆ ನೀರು: ಗೆಳೆಯನಿಗೊಂದು ಪತ್ರ

ಕ್ಯೋಟೊ
ಡಿಸೆಂಬರ್ 27

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಿನ್ನ ಪಕ್ಕದ ಅಂಗಡಿಗೆ ಬೆಂಕಿ ಬಿದ್ದ ವಿಷಯ ಹೇಳಿದೆಯಲ್ಲ, ಆವತ್ತಿನಿಂದ ಅದೇ ಯೋಚನೆ. ಯಾರ ಜೀವಕ್ಕೂ ಏನೂ ಆಗಲಿಲ್ಲ, ಸಾಮಾನು ಮಾತ್ರ ಹೋಯ್ತು ಅಂದೆ. ಸಮಾಧಾನ. ಆದರೆ ಆಮೇಲೆ ಒಂದು ಮಾತು ಹೇಳಿದೆ ನೋಡು, ಅದು ನನ್ನ ಮನಸ್ಸಿನಿಂದ ಹೋಗ್ತಾ ಇಲ್ಲ. "ಹೊಗೆ ವಾಸನೆ ಎಲ್ಲರಿಗೂ ಬಂದಿತ್ತು ಮಾರಾಯ. ಎಲ್ಲರೂ ತಮ್ಮ ತಮ್ಮ ಅಂಗಡಿ ವೈರು ನೋಡಿಕೊಂಡರು. ಯಾರೂ ಕೂಗಲಿಲ್ಲ."

ಇಲ್ಲಿಗೆ ಬಂದ ಮೇಲೆ ನಾನು ಕಲಿತದ್ದೇ ಅದು ಕಣೋ, ಕೂಗೋದು. ಅದಕ್ಕೇ ಈ ಪತ್ರ. ನಿನ್ನ ಬೀದಿಯವರಿಗೂ ಓದಿ ಹೇಳು.

ನಮ್ಮ ಓಣಿಯಿಂದ ಶುರು ಮಾಡ್ತೀನಿ. ಕ್ಯೋಟೊದ ಹಳೇ ಓಣಿಗಳು ನಮ್ಮ ಅಗ್ರಹಾರದ ಬೀದಿಗಳ ಹಾಗೆ. ಮರದ ಮನೆಗಳು, ಗೋಡೆಗೆ ಗೋಡೆ ತಾಗಿಕೊಂಡೇ ಇರುತ್ತವೆ. ಎಷ್ಟೋ ಮನೆಗಳ ಬಾಗಿಲಲ್ಲಿ ಒಂದು ಕೆಂಪು ಬಕೆಟ್, ಅದರ ತುಂಬ ನೀರು. ಮೊದಲ ದಿನ ನೋಡಿ ಗಿಡಕ್ಕೆ ಹಾಕೋ ನೀರು ಅಂದುಕೊಂಡಿದ್ದೆ. ಬೆಂಕಿ ಬಿದ್ದಾಗ ಬಾವಿ ತೋಡೋದು ಅಂತೀವಲ್ಲ, ಇಲ್ಲಿಯವರು ಬಾವಿಯನ್ನು ಮೊದಲೇ ಬಾಗಿಲಿಗೆ ತಂದಿಟ್ಟುಕೊಂಡಿದ್ದಾರೆ. ಈ ಊರು 1788ರಲ್ಲಿ ಬಹುಪಾಲು ಸುಟ್ಟುಹೋಗಿತ್ತು, ಅರಮನೆಯೂ ಉಳಿಯಲಿಲ್ಲ. 1864ರಲ್ಲಿ ಮತ್ತೆ ದೊಡ್ಡ ಬೆಂಕಿ. ಇಷ್ಟು ತಲೆಮಾರು ಕಳೆದರೂ ಆ ಹೆದರಿಕೆ ಇನ್ನೂ ಬಕೆಟ್ ತುಂಬಿಸ್ತಾ ಇದೆ.

ಪಕ್ಕದ ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ವಾರಕ್ಕೊಮ್ಮೆ ತಮ್ಮ ಬಕೆಟಿನ ನೀರು ಬದಲಾಯಿಸುತ್ತಾರೆ. ಅವರ ಅಡುಗೆಮನೆ ಗೋಡೆಗೆ ಅತಾಗೊ ಬೆಟ್ಟದ ದೇವಸ್ಥಾನದ ಒಂದು ಚೀಟಿ ಅಂಟಿಸಿದೆ. 'ಹಿ ನೋ ಯೋಜಿನ್' ಅಂತ ಬರೆದಿರುತ್ತದೆ. ನಮ್ಮ ಮಾತಿನಲ್ಲಿ ಹೇಳೋದಾದರೆ 'ಬೆಂಕಿ ಜೋಪಾನ'. ಜುಲೈ 31ರ ರಾತ್ರಿ ಊರಿನ ಜನ ಆ ಬೆಟ್ಟ ಹತ್ತಿ ಚೀಟಿ ತರುತ್ತಾರೆ. 924 ಮೀಟರ್ ಎತ್ತರ. ಮೂರು ವರ್ಷ ತುಂಬುವುದರೊಳಗೆ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಜೀವಮಾನವಿಡೀ ಅದಕ್ಕೆ ಬೆಂಕಿಯ ಭಯ ಇಲ್ಲ ಅನ್ನೋ ನಂಬಿಕೆ. ನನಗೆ ಇಷ್ಟವಾದದ್ದು ಏನು ಗೊತ್ತಾ? ಆ ಚೀಟಿಯಲ್ಲಿ ದೇವರೇ ಕಾಪಾಡು ಅಂತ ಇಲ್ಲ. ನೀನು ಜೋಪಾನವಾಗಿರು ಅಂತ ಇದೆ.

ಬಂದ ವರ್ಷವೇ ಓಣಿಯ ಬೆಂಕಿ ತಾಲೀಮಿಗೆ ಅಜ್ಜಿ ನನ್ನನ್ನು ಎಳಕೊಂಡು ಹೋದರು. ಉದ್ಯಾನದಲ್ಲಿ ಅಗ್ನಿಶಾಮಕ ದಳದವರು ಬಂದಿದ್ದರು. ಬೆಂಕಿಯ ಚಿತ್ರ ಬರೆದ ಒಂದು ಹಲಗೆ ನಿಲ್ಲಿಸಿದ್ದರು. ಕೈಗೆ ಕೊಟ್ಟ ಬೆಂಕಿ ಆರಿಸುವ ಸಿಲಿಂಡರಿನಲ್ಲಿ ಪುಡಿ ಇರಲಿಲ್ಲ, ಬರೀ ನೀರು, ತಾಲೀಮಿಗೆ ಅಂತಲೇ ಮಾಡಿದ್ದು. ಪಿನ್ ಎಳೆ, ಪೈಪಿನ ತುದಿ ಬೆಂಕಿಯ ಬುಡಕ್ಕೆ ಹಿಡಿ, ಹಿಡಿಕೆ ಒತ್ತು. ಇಷ್ಟೇ ತಾನೇ ಅಂತ ನಾನು ಸೀದಾ ಪಿನ್ನಿಗೆ ಕೈ ಹಾಕಿದೆ. ದಳದವನು ನಿಲ್ಲಿಸಿದ. "ಮೊದಲು ಕೂಗಬೇಕು" ಅಂದ.

"ಕಾಜಿ ದಾ!" ಅಂದರೆ "ಬೆಂಕಿ!" ಮೂವತ್ತು ಜನರ ಎದುರು ಆ ಮಾತು ಗಂಟಲಿನಿಂದ ಹೊರಗೆ ಬರಲು ಎಷ್ಟು ಕಷ್ಟ ಗೊತ್ತಾ? ಮೊದಲ ಸಲ ಮೆಲ್ಲಗೆ ಅಂದೆ. "ಮತ್ತೊಮ್ಮೆ" ಅಂದ. ಮೂರನೇ ಸಲಕ್ಕೆ ಸರಿಯಾಗಿ ಕೂಗಿದೆ. ಅಜ್ಜಿ ಬಂದು ಕೂಗಿದ್ದು ಮಾತ್ರ ರಸ್ತೆಯಾಚೆಗೂ ಕೇಳಿರಬೇಕು.

ಆಮೇಲೆ ಕಾರಣ ಹೇಳಿದರು. ಮನೆಯಲ್ಲಿಡುವ ಸಿಲಿಂಡರು ಸುಮಾರು 15 ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಆರದಿದ್ದರೆ ಇನ್ನೊಬ್ಬರು ಇನ್ನೊಂದನ್ನು ತಂದಿರಬೇಕು, ಮತ್ತೊಬ್ಬರು ಇಲ್ಲಿನ ಅಗ್ನಿಶಾಮಕ ದಳದ 119ಕ್ಕೆ ಫೋನ್ ಮಾಡಿರಬೇಕು. ಕೂಗದೆ ಹೋದರೆ ಆ ಇಬ್ಬರೂ ಬರುವುದಿಲ್ಲ. ಉರಿ ಚಾವಣಿ ಮುಟ್ಟಿತೋ, ಎಲ್ಲ ಬಿಟ್ಟು ಓಡು. ಈ ಲೆಕ್ಕವನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಕಡೆ ಹೊಗೆ ತುಂಬಿದ ಡೇರೆ ಇತ್ತು. ನಿಜವಾದ ಹೊಗೆಯಲ್ಲ, ಏನೂ ತೊಂದರೆ ಇಲ್ಲದ, ಸ್ವಲ್ಪ ಸಿಹಿ ವಾಸನೆಯ ಬಿಳಿ ಹೊಗೆ. ಮೂಗಿಗೆ ಕರವಸ್ತ್ರ ಹಿಡಿದು, ಬಗ್ಗಿ, ಒಂದು ಕೈ ಗೋಡೆಗೆ ಇಟ್ಟುಕೊಂಡು ನಡೆಯಬೇಕು. ನಾಲ್ಕೇ ಹೆಜ್ಜೆಗೆ ನನ್ನ ಕೈ ನನಗೇ ಕಾಣಲಿಲ್ಲ. ಡೇರೆಯ ಉದ್ದ ನಮ್ಮ ಮನೆ ಜಗಲಿಯಷ್ಟೂ ಇರಲಿಲ್ಲ, ಆದರೂ ಬಾಗಿಲು ಎಲ್ಲಿದೆ ಅಂತ ತಿಳಿಯಲಿಲ್ಲ.

ಶಾಲೆ ಮಕ್ಕಳಿಗೆ ಇದೆಲ್ಲ ಬಾಯಿಪಾಠ. ಬೆಂಕಿ ಬಿದ್ದಾಗ ಹೊರಗೆ ಬರುವುದು ಹೇಗೆ ಅಂತ ನೆನಪಿಡಲು ನಾಲ್ಕು ಜಪಾನಿ ಮಾತುಗಳ ಮೊದಲ ಅಕ್ಷರ ಕಲಿಸುತ್ತಾರೆ: ಒ, ಹ, ಶಿ, ಮೊ. ತಳ್ಳಬೇಡ, ಓಡಬೇಡ, ಮಾತಾಡಬೇಡ, ವಾಪಸ್ ಹೋಗಬೇಡ. 'ಒಹಶಿ' ಅಂದರೆ ಊಟದ ಕಡ್ಡಿಗಳು. ಕೆಲವು ಕಡೆ ಓಡುವುದಕ್ಕೆ ಬೇರೆ ಮಾತು ಬಳಸಿ 'ಒಕಶಿಮೊ' ಅನ್ನುತ್ತಾರೆ, 'ಒಕಶಿ' ಅಂದರೆ ಮಿಠಾಯಿ. ಮಗು ಮಿಠಾಯಿ ಮರೆಯುತ್ತದಾ? ಬೆಂಕಿ ಕಂಡವನು ಕೂಗಬೇಕು, ಹೊರಗೆ ಹೋಗುವ ಸಾಲು ಮಾತ್ರ ಸದ್ದಿಲ್ಲದೆ ಹೋಗಬೇಕು, ಟೀಚರ್ ಹೇಳೋದು ಎಲ್ಲರಿಗೂ ಕೇಳಬೇಕಲ್ಲ. ಎಲ್ಲಿ ಕೂಗಬೇಕು, ಎಲ್ಲಿ ಬಾಯಿ ಮುಚ್ಚಬೇಕು ಅನ್ನೋದು ಆರು ವರ್ಷದ ಮಗುವಿಗೂ ಗೊತ್ತು.

ಈಗ ನನ್ನ ತಪ್ಪನ್ನು ಹೇಳಬೇಕು. ಇಲ್ಲಿ ಮನೆಮನೆಯಲ್ಲೂ ಹೊಗೆ ಕಂಡರೆ ಬಡಿದುಕೊಳ್ಳುವ ಅಲಾರಂ ಇರಬೇಕು ಅನ್ನೋದು ಕಾನೂನು. ಹೊಸ ಮನೆಗಳಿಗೆ 2006ರಿಂದ, ಹಳೆಯವಕ್ಕೂ 2011ರೊಳಗೆ ಅಂತ ಬಂತು. ನಮ್ಮ ಮನೆಯದು ಮಾತಾಡುತ್ತದೆ: "ಕಾಜಿ ದೆಸ್, ಕಾಜಿ ದೆಸ್." ನಾನು ಬ್ಯಾಡಗಿ ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಾಗೆಲ್ಲ ಅದು ಕೂಗುತ್ತಿತ್ತು. ಅಕ್ಕಪಕ್ಕದವರಿಗೆ ಕಿರಿಕಿರಿ ಆಗುತ್ತದೆ ಅಂತ ಒಂದು ದಿನ ಅದನ್ನು ಕಿತ್ತು, ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದೆ.

ಎರಡು ವಾರ ಆದ ಮೇಲೆ ಅಜ್ಜಿ ಬಾಗಿಲು ತಟ್ಟಿದರು. "ಈಚೆಗೆ ನಿಮ್ಮ ಮನೆ ಅಲಾರಂ ಕೇಳ್ತಾ ಇಲ್ಲ, ಕೆಟ್ಟಿದೆಯಾ?" ಕಿರಿಕಿರಿ ಅಂತ ಹೇಳೋಕೆ ಬಂದಿರಲಿಲ್ಲ, ಕೇಳಿಸ್ತಾ ಇಲ್ಲ ಅಂತ ಚಿಂತೆಯಾಗಿ ಬಂದಿದ್ದರು. ನಾನು ಇದ್ದದ್ದು ಹೇಳಿದೆ. ಅವರು ಬೈಯಲಿಲ್ಲ. ಟೋಕಿಯೊದ ಕಬುಕಿಚೊದಲ್ಲಿ 2001ರ ಸೆಪ್ಟೆಂಬರ್ 1ರಂದು ಸುಟ್ಟ ಕಟ್ಟಡದ ಕಥೆ ಹೇಳಿದರು. ಚಿಕ್ಕ ಕಟ್ಟಡ. ಸತ್ತವರು 44 ಜನ. ಪದೇ ಪದೇ ಸುಮ್ನೆ ಬಡಿದುಕೊಳ್ಳುತ್ತೆ ಅಂತ ಅಲಾರಂ ಆಫ್ ಮಾಡಿಟ್ಟಿದ್ದರು. ಇದ್ದ ಒಂದೇ ಮೆಟ್ಟಿಲ ಮೇಲೆ ಸಾಮಾನು ತುಂಬಿತ್ತು. ಅದಾದ ಮೇಲೆ ಮರುವರ್ಷವೇ ಕಾನೂನು ಬಿಗಿ ಮಾಡಿದರು.

ಆ ರಾತ್ರಿಯೇ ಅಲಾರಂ ಮತ್ತೆ ಹಾಕಿದೆ. ಈಗ ಒಗ್ಗರಣೆ ಕೊಡುವಾಗ ಕಿಟಕಿ ತೆರೆದು ಫ್ಯಾನ್ ಹಾಕುತ್ತೇನೆ. ಗ್ಯಾಸ್ ಒಲೆಗೂ ಒಂದು ಕಾವಲು ಇದೆ. ಬರ್ನರ್ ನಡುವೆ ಒಂದು ಸಣ್ಣ ಗುಂಡಿ, ಪಾತ್ರೆಯ ತಳಕ್ಕೆ ತಾಗಿಕೊಂಡಿರುತ್ತದೆ. ಎಣ್ಣೆ ಹೊತ್ತಿಕೊಳ್ಳುವಷ್ಟು ಕಾಯುವ ಮೊದಲೇ, ಸುಮಾರು 250 ಡಿಗ್ರಿಗೆ, ಉರಿ ತಾನೇ ಇಳಿಯುತ್ತದೆ ಅಥವಾ ಆರುತ್ತದೆ. 2008ರಿಂದ ಮನೆಬಳಕೆಗೆ ಮಾರುವ ಒಲೆಗಳಿಗೆ ಇದು ಕಡ್ಡಾಯ. ರವೆ ಹುರಿಯುವಾಗ ಕೈಕೊಡುತ್ತದೆ, ಇರಲಿ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಒಸಾಕಾದ ಕಥೆ. ನಿನ್ನದೂ ಬಟ್ಟೆ ಅಂಗಡಿ, ಅದಕ್ಕೆ. 1972ರ ಮೇ 13ರ ರಾತ್ರಿ, ಸೆನ್ನಿಚಿ ಅನ್ನುವ ದೊಡ್ಡ ಕಟ್ಟಡ. ನೆಲಮಹಡಿಯನ್ನೂ ಸೇರಿಸಿ ಎಣಿಸುವ ಇವರ ಲೆಕ್ಕದ 3ನೇ ಮಹಡಿಯ ಬಟ್ಟೆ ಮಾರುವ ಕಡೆ ಬೆಂಕಿ ಹತ್ತಿತು. ಅಂಗಡಿ ಮುಚ್ಚಿತ್ತು, ಆದರೆ 7ನೇ ಮಹಡಿಯಲ್ಲಿ ಒಂದು ಕ್ಯಾಬರೆ ನಡೀತಾ ಇತ್ತು. ಬೆಂಕಿ ಅಲ್ಲಿಗೆ ಹೋಗಲೇ ಇಲ್ಲ. ಹೊಗೆ ಹೋಯಿತು, ಲಿಫ್ಟಿನ ಕೊರಕಲಿನಿಂದ, ಗಾಳಿಯ ಕೊಳವೆಯಿಂದ. 118 ಜನ ಸತ್ತರು. ಕೆಳಗೆ ಬೆಂಕಿ ಕಂಡ ಕಾವಲಿನವರು ಮೇಲಿನವರಿಗೆ ತಿಳಿಸಿರಲಿಲ್ಲ. ನೀನು ಹೇಳಿದ್ದು ಇದೇ ಅಲ್ವಾ? ಎಲ್ಲರಿಗೂ ವಾಸನೆ ಬಂದಿತ್ತು, ಯಾರೂ ಕೂಗಲಿಲ್ಲ.

ಮರುವರ್ಷ ಕುಮಾಮೊತೊದ ಇನ್ನೊಂದು ದೊಡ್ಡ ಅಂಗಡಿಯಲ್ಲೂ ನೂರಕ್ಕೂ ಹೆಚ್ಚು ಜನ ಹೋದರು. ಬೆಂಗಳೂರಿನ ಮಾಲುಗಳಲ್ಲಿ ಬಾಗಿಲ ಮೇಲೆ ಹಸಿರು ದೀಪದಲ್ಲಿ ಓಡುವ ಮನುಷ್ಯ ಇರುತ್ತಾನಲ್ಲ, ಅವನು ಈ ಸಾವುಗಳ ನಂತರ ಜಪಾನಿನಲ್ಲಿ ಹುಟ್ಟಿದವನು. ಅವನ ರೂಪ ತಿದ್ದಿದವರು ಯುಕಿಯೊ ಓತಾ ಅನ್ನುವ ವಿನ್ಯಾಸಕಾರರು. ಈಗ ಲೋಕದ ಎಷ್ಟೋ ದೇಶಗಳಲ್ಲಿ ಅವನನ್ನು ಬಳಸುತ್ತಾರೆ.

ಕೂಗಿದರೆ ಏನಾಗುತ್ತದೆ ಅನ್ನೋದಕ್ಕೂ ಉದಾಹರಣೆ ಇದೆ. 2016ರ ಡಿಸೆಂಬರ್ 22ರಂದು ಇತೊಯಿಗಾವಾ ಊರಿನ ಒಂದು ಹೋಟೆಲಿನಲ್ಲಿ ಒಲೆ ಆರಿಸದೆ ಹೋಗಿದ್ದರು. ಹೊರಗೆ ಬಿರುಗಾಳಿ. ಕಿಡಿ ಸೂರಿನಿಂದ ಸೂರಿಗೆ ಹಾರಿತು. 147 ಕಟ್ಟಡಗಳಿಗೆ ಬೆಂಕಿ ತಾಗಿತು, ಪೂರ್ತಿ ಆರಿಸಲು 30 ಗಂಟೆ ಬೇಕಾಯಿತು. ಸತ್ತವರು ಒಬ್ಬರೂ ಇಲ್ಲ. ಹಾಡುಹಗಲು ಅನ್ನೋದೂ ನೆರವಾಯಿತು, ನಿಜ. ಆದರೆ ಒಬ್ಬರು ಇನ್ನೊಬ್ಬರ ಬಾಗಿಲು ತಟ್ಟಿ ಕರೆದುಕೊಂಡು ಹೊರಟರು. ಈ ಸುದ್ದಿ ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಇವರು ಎಲ್ಲ ಸರಿ ಮಾಡಿಬಿಟ್ಟಿದ್ದಾರೆ ಅಂತ ಅಂದುಕೊಳ್ಳಬೇಡ. ಊರೂರಿನ ಸ್ವಯಂಸೇವಕ ದಳಗಳಲ್ಲಿ 1950ರ ದಶಕದಲ್ಲಿ ಸುಮಾರು 20 ಲಕ್ಷ ಜನ ಇದ್ದರಂತೆ, ಈಗ 8 ಲಕ್ಷಕ್ಕಿಂತ ಕಡಿಮೆ. ನಮ್ಮ ಓಣಿಯಲ್ಲೂ ಹುಡುಗರು ಬೇರೆ ಊರಿಗೆ ಹೋಗಿಬಿಟ್ಟಿದ್ದಾರೆ. ಅದಕ್ಕೇ ನನ್ನಂಥ ಹೊರಗಿನವನಿಗೂ ಕರೆ ಬಂತು.

ವರ್ಷದ ಕೊನೆಯ ರಾತ್ರಿಗಳಲ್ಲಿ ಇಲ್ಲಿ ಗಸ್ತು ಇರುತ್ತದೆ. ನಿನ್ನೆ ನಮ್ಮ ಸರದಿ. ಐದು ಜನ, ಒಂದು ಲಾಟೀನು, ಒಂದು ಜೊತೆ ಮರದ ಕಟ್ಟಿಗೆ. ದಾಸಯ್ಯನ ಚಿಟಿಕೆ ನೋಡಿದ್ದೀಯಲ್ಲ, ಅದಕ್ಕಿಂತ ದೊಡ್ಡದು, ಗೆಜ್ಜೆ ಇಲ್ಲ, ಎರಡನ್ನೂ ಸೇರಿಸಿ ದಾರ ಕಟ್ಟಿರುತ್ತದೆ. ಎರಡು ಸಲ ತಟ್ಟಿದರೆ ಚಳಿಗಾಳಿಯಲ್ಲಿ ಓಣಿಯ ಕೊನೆಯವರೆಗೂ ಹೋಗುತ್ತದೆ. ಆಮೇಲೆ ಎಲ್ಲರೂ ಸೇರಿ "ಹಿ ನೋ ಯೋ...ಜಿನ್!" ಅಜ್ಜಿಗೆ ಮಂಡಿನೋವು, ಬಂದಿರಲಿಲ್ಲ. ನಾವು ಅವರ ಮನೆ ಮುಂದೆ ಕೂಗಿದಾಗ ಒಳಗಿನಿಂದ "ಹಾಯ್" ಅಂದರು, ಆಯ್ತು ಅಂತ. ಒಲೆ ಆರಿಸಿದ್ದನ್ನು ಇನ್ನೊಮ್ಮೆ ನೋಡಿ ಬಂದು ಮಲಗಿದರಂತೆ. ಇವತ್ತು ಬೆಳಗ್ಗೆ ಹೇಳಿದರು.

ನಿನ್ನನ್ನು ಕೇಳೋದು ಎರಡೇ. ನಿನ್ನ ಅಂಗಡಿ ಹಿಂದಿನ ಮೆಟ್ಟಿಲ ಮೇಲೆ ಸೀರೆ ಬಂದ ರಟ್ಟಿನ ಪೆಟ್ಟಿಗೆಗಳನ್ನು ಸೊಂಟದವರೆಗೂ ಪೇರಿಸಿದ್ದೀಯ. ಕಳೆದ ಸಲ ಬಂದಾಗ ನಾನೇ ಅದರ ಮೇಲೆ ಕೂತು ಚಹಾ ಕುಡಿದಿದ್ದೆ, ಆಗ ಏನೂ ಅನ್ನಿಸಿರಲಿಲ್ಲ. ಈ ಪತ್ರ ಓದಿದ ದಿನವೇ ಅವನ್ನು ತೆಗೆಸು. ಆಮೇಲೆ ಕೆಲಸದ ಹುಡುಗಿಯರನ್ನೂ ಅಕ್ಕಪಕ್ಕದ ನಾಲ್ಕು ಅಂಗಡಿಯವರನ್ನೂ ಸೇರಿಸಿ, ಬೀದಿಯಲ್ಲಿ ನಿಂತು ಒಂದು ಸಲ "ಬೆಂಕಿ!" ಅಂತ ಜೋರಾಗಿ ಕೂಗಿ ನೋಡಿ. ಮೊದಲ ಸಲ ದನಿ ಏಳುವುದಿಲ್ಲ. ಮೂರನೇ ಸಲಕ್ಕೆ ಏಳುತ್ತದೆ.

ಮನೆಯಲ್ಲಿ ಅಮ್ಮನಿಗೆ ನಮಸ್ಕಾರ ತಿಳಿಸು. ಪೆಟ್ಟಿಗೆ ತೆಗೆಸಿದ ಮೇಲೆ ಫೋನ್ ಮಾಡು.

ನಿನ್ನ,
ಗೆಳೆಯ